ಸೊಟ್ಟ ಹಾಳೆ

ಜೂನ್ 3, ಸೋಮವಾರ

ಮತ್ತೆ ಅಂಟು. ಮೊಮ್ಮಗಳ ನೆತ್ತಿಗೆ, ಹುಬ್ಬಿಗೆ, ನನ್ನ ಕನ್ನಡಕಕ್ಕೆ. ಕಾಗದಕ್ಕೆ ಮಾತ್ರ ಇಲ್ಲ.

ಮಗಳು ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿಸಿ ಕೆಲಸಕ್ಕೆ ಹೋಗುತ್ತಾಳೆ. ಸೋಮವಾರ, ಗುರುವಾರ ಕಾಗದ ಹರಿದು ಅಂಟಿಸುವುದು. ಮಂಗಳವಾರ ಹಿಟ್ಟಿನ ಉಂಡೆ. ಬುಧವಾರ ಬೆರಳಲ್ಲಿ ಬಣ್ಣ. ಕೆಳಗೆ ಕೆಂಪಕ್ಷರ — ಬಲಗೈಯಲ್ಲೇ ಮಾಡಿಸಬೇಕು. ಮೊಮ್ಮಗಳಿಗೆ ಎರಡೂವರೆ ವರ್ಷ. ಬಲಗೈ ಮುಷ್ಟಿ ಬಿಚ್ಚುವುದಿಲ್ಲ, ಹೆಬ್ಬೆರಳು ಒಳಗೇ ಮಡಚಿಕೊಂಡಿರುತ್ತದೆ. ಉಳಿದಂತೆ ಖಾರ. ಹೆಸರೊಂದು ಇಟ್ಟಿದ್ದಾರೆ, ನಾನು ಕರೆಯುವುದು ಮೆಣಸು ಎಂದೇ.

ಥೆರಪಿಯವಳ ಕೋಣೆಗೆ ಹೋದರೆ ಗೋಡೆಗೆ ಮುಖ ಹಾಕಿ ಕಿರುಚುತ್ತಾಳೆ, ಏನನ್ನೂ ಮುಟ್ಟುವುದಿಲ್ಲ. ಅದಕ್ಕೇ ಮನೆಯಲ್ಲಿ ಮಾಡಿಸಿದ ಹಾಳೆಗಳನ್ನು ಶನಿವಾರ ಶನಿವಾರ ಒಯ್ದು ತೋರಿಸಬೇಕು. ನೋಡಿ ತೀರ್ಮಾನ ಮಾಡುತ್ತಾಳಂತೆ — ದಿನವಿಡೀ ಕೈ ಪಳಗಿಸುವ ಮಕ್ಕಳ ಗುಂಪಿಗೆ ಇವಳನ್ನು ಹಾಕಬೇಕೋ ಬೇಡವೋ. ಖಾಲಿ ಇರುವುದು ಒಂದೇ ಜಾಗ.

"ಅಮ್ಮ, ನಿನ್ ಕೈಲಿ ಆಗತ್ತಾ? ಬೈಬೇಡ ಅವಳನ್ನ."

"ಮೂವತ್ತೊಂದು ವರ್ಷ ಬೈಂಡಿಂಗ್ ಅಂಗಡೀಲಿ ಅಂಟು ಕಲಸಿದೀನಿ. ನಂಗೇ ಕಾಗದ ಅಂಟ್ಸೋದು ಹೇಳ್ಕೊಡ್ತೀಯಾ?"

"ನೀನು ಅಂಟ್ಸೋದಲ್ಲಮ್ಮ. ಅವಳು."

ಗೊತ್ತು ಕಣೆ. ನಾಲ್ಕನೇ ಕ್ಲಾಸಿಗೆ ಬಿಟ್ಟದ್ದು ಶಾಲೆಯನ್ನು, ಬುದ್ಧಿಯನ್ನಲ್ಲ.

ಜೂನ್ 6, ಗುರುವಾರ, ಮಧ್ಯಾಹ್ನ

ಇವತ್ತು ಸೂರ್ಯ. ತಟ್ಟೆ ಕವುಚಿ ಗುಂಡಗೆ ಗೆರೆ ಎಳೆದುಕೊಟ್ಟೆ. ಒಳಗೆ ಹಳದಿ ಚೂರು ಅಂಟಿಸಬೇಕು. ಎಡಗೈಯಲ್ಲಿ ಬಲಗೈಯನ್ನು ಹಿಡಿದು, ಎಳೆದು ತಂದು, ಮುಷ್ಟಿಯಿಂದಲೇ ಕಾಗದಕ್ಕೆ ಗುದ್ದಿದಳು. ಒಂದು ಗಂಟೆ. ನಾಲ್ಕು ಚೂರು ಅಂಟಿತು, ನಾಲ್ಕೂ ಗೆರೆಯಾಚೆ. ಬೈದೆ. ಅತ್ತಳು. ಬಿಸ್ಕತ್ತು ಕೊಟ್ಟೆ. ಮಲಗಿದಳು.

ಹಾಳೆ ಮೇಜಿನ ಮೇಲೆ. ಪಾತ್ರೆ ತೊಳೆಯುವಾಗ ನೋಡಿದೆ, ಬಟ್ಟೆ ಮಡಚುವಾಗ ನೋಡಿದೆ. ನೋಡಲಾಗಲಿಲ್ಲ. ಅಂಟು ಇನ್ನೂ ಹಸಿ ಇತ್ತು. ಚೂರು ಎಬ್ಬಿಸಿ ಒಳಗೆ ಸರಿಸಿದೆ. ಬೋಳಾಗಿ ಕಂಡಿತು, ಇನ್ನಷ್ಟು ಹಾಕಿದೆ. ಅಂಗಡಿಯಲ್ಲಿ ಸೊಟ್ಟ ಹಾಳೆ ನನ್ನ ಮೇಜು ದಾಟಿದ್ದಿಲ್ಲ. ದಾಟಿದರೆ ಯಜಮಾನ ಮುಖಕ್ಕೇ ಎಸೆಯುತ್ತಿದ್ದ.

ಅಷ್ಟೇ. ಬೇರೆ ಉದ್ದೇಶ ಇರಲಿಲ್ಲ.

ಜೂನ್ 8, ಶನಿವಾರ

ಥೆರಪಿಯವಳು ಸೂರ್ಯನನ್ನು ಬೆಳಕಿಗೆ ಹಿಡಿದು ನೋಡಿದಳು.

"ಬಲಗೈಲೇ ಮಾಡಿದ್ದಾ ಅಜ್ಜಿ?"

"ಹೂಂ."

"ತುಂಬಾ ಚೆನ್ನಾಗಿದೆ. ನಾನು ಇಷ್ಟು ಅಂದ್ಕೊಂಡಿರ್ಲಿಲ್ಲ."

ಹೊರಗೆ ಬಂದವಳೇ ಮಗಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಳುವೋ ನಗುವೋ ತಿಳಿಯಲಿಲ್ಲ. "ನೀನಿಲ್ದಿದ್ರೆ ನಾನೇನ್ ಮಾಡ್ತಿದ್ದೆ ಅಮ್ಮ" ಎಂದಳು. ಹೆತ್ತು ಮೂವತ್ತನಾಲ್ಕು ವರ್ಷವಾಯಿತು. ಈ ಬಾಯಿಂದ ಈ ಮಾತು ಇದೇ ಮೊದಲು. ಆಮೇಲೆ ಹೇಗೆ ಹೇಳುವುದು?

ಜೂನ್ 13, ಗುರುವಾರ

ಮೀನು. ಒಂದು ಚೂರು ಅವಳದು, ಹತ್ತು ನನ್ನದು. ತೀರ ನೀಟಾಗಬಾರದು ಎಂದು ಎಡಗೈಯಲ್ಲಿ ಅಂಟಿಸುತ್ತೇನೆ. ಜೀವಮಾನವೆಲ್ಲ ನೇರ ಮಾಡಿ, ಸೊಟ್ಟ ಮಾಡುವುದನ್ನು ಈಗ ಕಲಿಯುತ್ತಿದ್ದೇನೆ.

ಮೊದಲೆರಡು ಸಲ ಅವಳು ಮಲಗಿದ ಮೇಲೆ ಮಾಡಿದೆ. ಈಗ ಎದುರಿಗೇ. ಗಲಾಟೆಯಿಲ್ಲ, ಅಳುವಿಲ್ಲ. ಕೆನ್ನೆಗೆ ಕೈಯೂರಿ ನೋಡುತ್ತಾಳೆ. ಮುಗಿದೊಡನೆ "ಆತು" ಎನ್ನುತ್ತಾಳೆ, ಮೇಸ್ತ್ರಿಯ ಹಾಗೆ.

ಸಂಜೆ ಅಳಿಯ ಹಾಳೆ ನೋಡಿ, "ಅತ್ತೆ, ನಮ್ ಮಗಳು ಬೈಂಡಿಂಗ್ ಅಂಗಡಿ ಇಡ್ತಾಳೆ ಬಿಡಿ" ಎಂದರು.

"ಇಡ್ಲಿ. ನಿಮಗಿಂತ ಮುಂಚೆ ಎದ್ದು ಬಾಗ್ಲಾದ್ರೂ ತೆಗೀತಾಳೆ."

ಎಲ್ಲರೂ ನಕ್ಕರು. ನಾನೂ.

ಇನ್ನೊಂದು ಮಾತು, ಬರೆದೇಬಿಡುತ್ತೇನೆ. ಗುಂಪಿಗೆ ಹಾಕಿದರೆ ಬೆಳಿಗ್ಗೆಯಿಂದ ಸಂಜೆವರೆಗೆ ಈ ಮನೆಯಲ್ಲಿ ನಾನು ಮತ್ತು ಫ್ರಿಜ್ಜು. ಅದಾದರೂ ಗುಂಯ್ ಎನ್ನುತ್ತದೆ.

ಜೂನ್ 22, ಶನಿವಾರ

ಗುಂಪು ಬೇಡವಂತೆ. ಮನೆಯಲ್ಲೇ ಇಷ್ಟು ಸುಧಾರಿಸುತ್ತಿರುವಾಗ ಯಾಕೆ ಎಂದಳು ಥೆರಪಿಯವಳು. ಜಾಗ ಬೇರೆ ಮಗುವಿಗೆ. ನಾವು ಸೆಪ್ಟೆಂಬರಿನಲ್ಲಿ ಬಂದರೆ ಸಾಕು. ಸಹಿ ಹಾಕುವ ಮುಂಚೆ ನನ್ನ ಮುಖ ನೋಡಿ, "ಏನಾದ್ರೂ ಕೇಳೋದಿದ್ಯಾ ಅಜ್ಜಿ?" ಎಂದಳು.

ಬಾಯಿ ತೆರೆದೆ. ಬಾತ್‌ರೂಮ್ ಎಲ್ಲಿದೆ ಎಂದು ಕೇಳಿದೆ.

ಆಗಸ್ಟ್ 19, ಸೋಮವಾರ

ಅಂಗಿ ತೊಡಿಸುವಾಗ ನೋಡಿದೆ. ಹೆಬ್ಬೆರಳು ಒಳಗೇ. ಮೊದಲಿಗಿಂತ ಬಿಗಿ. ಬಿಡಿಸಲು ಹೋದರೆ ಕೈ ಕಿತ್ತುಕೊಂಡಳು. ಮಗಳಿಗೆ ಹೇಳಬೇಕು. ನಾಳೆ.

ಆಗಸ್ಟ್ 20

ಹೇಳಲಿಲ್ಲ.

ಸೆಪ್ಟೆಂಬರ್ 14, ಶನಿವಾರ

ಥೆರಪಿಯವಳ ಕೋಣೆಯಲ್ಲಿ ಮೆಣಸು ಈ ಸಲ ಕಿರುಚಲಿಲ್ಲ. ಪುಟ್ಟ ಕುರ್ಚಿಯಲ್ಲಿ ಕೂತಳು. ಎದುರಿಗೆ ಹಾಳೆ, ಒಂದು ಕ್ರೇಯಾನ್. ನಾವು ದೂರ, ಗೋಡೆಯ ಹತ್ತಿರ.

ಕ್ರೇಯಾನನ್ನು ನೋಡಿದಳು. ಎಡಗೈಯಲ್ಲಿ ಎತ್ತಿಕೊಂಡು, ಕುರ್ಚಿಯಿಂದಿಳಿದು, ಅಷ್ಟುದ್ದ ಕೋಣೆ ದಾಟಿ ನನ್ನ ಹತ್ತಿರ ಬಂದಳು. ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ವಾಪಸು ಹೋಗಿ ಕೆನ್ನೆಗೆ ಕೈಯೂರಿ ಕೂತಳು. ಕಾಯುತ್ತ.

ಥೆರಪಿಯವಳು ಮಗುವನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಮನೇಲೂ ಹೀಗೇನಾ?"

"ಇಲ್ಲ ಮೇಡಂ, ಮನೇಲಿ ಅವಳೇ ಮಾಡ್ತಾಳೆ" ಎಂದಳು ಮಗಳು. "ಅಲ್ವಾ ಅಮ್ಮ?... ಅಮ್ಮ?"

"ನಾನೇ ಮಾಡಿದ್ದು" ಎಂದೆ. "ಎಲ್ಲಾನೂ."

ಯಾರೂ ಕೂಗಾಡಲಿಲ್ಲ. ಥೆರಪಿಯವಳು ಮಗುವಿನ ಮುಷ್ಟಿ ಬಿಡಿಸಲು ನೋಡಿದಳು, ಬಿಟ್ಟಳು. "ಮೂರು ತಿಂಗಳು" ಎಂದಳು. "ಈ ವಯಸ್ಸಲ್ಲಿ ಅದು ಸಣ್ಣದಲ್ಲ ಅಜ್ಜಿ." ಗುಂಪಿನಲ್ಲಿ ಇನ್ನು ಜಾಗವಾಗುವುದು ಮುಂದಿನ ವರ್ಷವೇ.

ಮನೆಗೆ ಬಂದು ಮಗಳು ಗೋಡೆಗೆ ಹಚ್ಚಿದ್ದ ಹಾಳೆಗಳನ್ನು ಕಿತ್ತಳು. ಮೀನು, ಛತ್ರಿ, ಸೂರ್ಯ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೈಯಲಿಲ್ಲ. ನಾನು ಕಲಸಿದ ಅಂಟು, ಗಟ್ಟಿ ಹಿಡಿದಿತ್ತು. ಗೋಡೆಯ ಬಣ್ಣವೂ ಎದ್ದು ಬಂತು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ನಾನು ಎಷ್ಟೋ ಜನಕ್ಕೆ ಅಂದಿದ್ದೇನೆ. ನನಗೆ ಯಾರೂ ಅನ್ನಬೇಕಾಗಲಿಲ್ಲ.

ಸೆಪ್ಟೆಂಬರ್ 16, ಸೋಮವಾರ, ಬೆಳಿಗ್ಗೆ 11

ಮಗಳು ರಜೆ ಹಾಕಿದ್ದಾಳೆ. ಮಗುವಿನ ಎಡಗೈಗೆ ಕಾಲುಚೀಲ ತೊಡಿಸಿ, ಮರದ ತುಂಡುಗಳನ್ನು ಬಲಗೈಯಲ್ಲಿ ಡಬ್ಬಿಗೆ ಹಾಕಿಸಬೇಕಂತೆ. ದಿನಕ್ಕೆ ಎರಡು ಗಂಟೆ. ನಾನು ಕಣ್ಣಿಗೆ ಬೀಳಬಾರದು. ಪಕ್ಕದ ಕೋಣೆಯಲ್ಲಿದ್ದೇನೆ, ಬಾಗಿಲು ಹಾಕಿದೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

"ಅಜ್ಜೀ."

"ಅಜ್ಜಿ ಬರಲ್ಲ ಪುಟ್ಟ. ನೀನ್ ಹಾಕು."

"ಅಜ್ಜಿ ಹಾಕು."

ಅಳು. ಉಸಿರು ಕಟ್ಟುವ ಹಾಗೆ ಅಳುತ್ತಾಳೆ. ಎದ್ದೆ. ಕುರ್ಚಿ ಸದ್ದಾಗಿರಬೇಕು.

"ಅಮ್ಮ, ಅಲ್ಲೇ ಇರು."

ಶನಿವಾರದಿಂದ ಅವಳು ನನ್ನೊಡನೆ ಆಡಿದ ಮೊದಲ ಮಾತು. ಕೂತೆ.

ಅಳು ನಿಂತಿತು. ಮರದ ತುಂಡು ನೆಲಕ್ಕೆ ಬಿದ್ದ ಸದ್ದು. ಮಗಳು ಎತ್ತಿ ಕೊಟ್ಟಿರಬೇಕು. ಮತ್ತೆ ಬಿತ್ತು. ಮತ್ತೆ. ಬೈಯುವುದಿಲ್ಲ ನನ್ನ ಮಗಳು, ಎತ್ತಿ ಎತ್ತಿ ಕೊಡುತ್ತಾಳೆ. ಈ ತಾಳ್ಮೆ ನನ್ನಿಂದ ಬಂದದ್ದಲ್ಲ.

ಬೀಳುವ ಸದ್ದು ಎಣಿಸುತ್ತಿದ್ದೇನೆ. ಹದಿನಾರು. ಹದಿನೇಳು. ಹದಿನೆಂಟು.

ಈ ಸಲ ಇನ್ನೂ ಬಿದ್ದ ಸದ್ದು ಕೇಳಿಲ್ಲ.