ನೀರು ಬಿದ್ದಿಲ್ಲ ಎಂದು ಬರೆದುಕೊಡಿ

ಹೂಟಗಳ್ಳಿ, ಮೈಸೂರು
9-7-2025, ಬುಧವಾರ

ನನ್ನ ಮುದ್ದು ಮಂಜುಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ ಕಂದ? ಮೊಣಕಾಲಿನ ಊತ ಇಳಿಯಿತೇ? ರಾತ್ರಿ ಮಲಗುವಾಗ ಬಿಸಿನೀರಿನ ಶಾಖ ಕೊಡು, ನಾಚಿಕೆ ಪಡಬೇಡ, ಕಾಲು ನಿನ್ನದು. ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಇಷ್ಟರಲ್ಲೇ ಖಾಲಿಯಾಗಿರಬೇಕು, ನೀನು ತಿಂದದ್ದಕ್ಕಿಂತ ಹಂಚಿದ್ದೇ ಹೆಚ್ಚು ಎಂದು ನನಗೆ ಗೊತ್ತು. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಕೆಮ್ಮು ಕಡಿಮೆಯಾಗಿದೆ, ಮಾತು ಕಡಿಮೆಯಾಗಿಲ್ಲ. ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ, ಅಕ್ಷರಗಳು ಗೆರೆ ಬಿಟ್ಟು ಓಡುತ್ತಿವೆ. ನಗಬೇಡ.

ಮೊದಲು ಒಂದು ವಿಷಯ ತಿಳಿದುಕೋ. ಹೋದ ತಿಂಗಳು ಇಪ್ಪತ್ತೊಂಬತ್ತು, ಭಾನುವಾರ, ನೀನು ತರಬೇತಿ ಶಿಬಿರದ ಆಫೀಸಿನಿಂದ ಫೋನ್ ಮಾಡಿದಾಗ ನಾನು ಬಾಯಿ ಮುಚ್ಚಿಕೊಂಡು ಕೂತಿರಲಿಲ್ಲ. ನೀನು ಹೇಳಿದ ಒಂದೊಂದು ಮಾತೂ ನನಗೆ ಕೇಳಿಸಿತು. ಆ ತರಬೇತುದಾರ ದಿನಾ ಎಲ್ಲರೆದುರು ‘ಗಾರ್ಡ್ ಕೆಲ್ಸ ನಿನ್ನ ಕೈಲಾಗಲ್ಲ, ಸ್ವಂತ ಇಚ್ಛೆಯಿಂದ ಬಿಡ್ತಿದೀನಿ ಅಂತ ಬರ್ಕೊಡು’ ಅನ್ನುತ್ತಾನೆ ಎಂದದ್ದು, ಫಾರಂ ನಿನ್ನ ಪೆಟ್ಟಿಗೆಯಲ್ಲೇ ಇದೆ ಎಂದದ್ದು, ಕೊನೆಗೆ ‘ಅಮ್ಮಾ, ಬಂದ್ಬುಡ್ಲಾ?’ ಎಂದು ಅತ್ತದ್ದು, ಎಲ್ಲವೂ. ನಾನು ಕೂಗಿ ಕೂಗಿ ಉತ್ತರ ಹೇಳಿದೆ. ನೀನು ‘ಹಲೋ, ಹಲೋ, ಮಾತಾಡಮ್ಮ’ ಎಂದೆ. ಆಮೇಲೆ ‘ಆಯ್ತು ಬುಡು’ ಎಂದು ಇಟ್ಟುಬಿಟ್ಟೆ. ಆ ‘ಆಯ್ತು ಬುಡು’ ಇನ್ನೂ ನನ್ನ ಕಿವಿಯಲ್ಲಿದೆ. ಅಮ್ಮನಿಗೆ ಕೋಪ ಬಂದಿದೆ ಎಂದುಕೊಂಡೆಯಲ್ಲವೇ? ಕೋಪ ಬಂದದ್ದು ನಿಜ, ಆದರೆ ನಿನ್ನ ಮೇಲಲ್ಲ.

ಹೊಸ ಫೋನಿನ ಮೈಕೇ ಸತ್ತಿತ್ತು ಕಣೆ. ನನ್ನ ದನಿ ಆ ಕಡೆ ಹೋಗುತ್ತಲೇ ಇರಲಿಲ್ಲ. ತಂದ ದಿನವೇ ನಿನ್ನ ಚಿಕ್ಕಮ್ಮನಿಗೆ ಮಾಡಿದಾಗ ಅವಳೂ ಹಲೋ ಹಲೋ ಎಂದು ಇಟ್ಟಿದ್ದಳು, ನಾನು ನೆಟ್‌ವರ್ಕ್ ಇಲ್ಲ ಎಂದುಕೊಂಡೆ. ಮಾರನೆಯ ದಿನ ಆಷಾಢದ ಮೊದಲ ಶುಕ್ರವಾರ. ಮನೆಗೆ ಮಿಕ್ಸಿ ಬಂದರೂ ಪೂಜೆ ಮಾಡುವವಳು ನಾನು, ಫೋನಿಗೆ ಬಿಡುತ್ತೇನೆಯೇ? ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ಕೈ ಮುಗಿದೆ. ನಿಮ್ಮಪ್ಪ ‘ಆಷಾಢದಲ್ಲಿ ಹೊಸ ವಸ್ತು ತಂದ್ರೆ ಇನ್ನೇನಾಯ್ತದೆ’ ಎಂದು ಈಗಲೂ ರಾಗ ಎಳೆಯುತ್ತಾರೆ. ಆಷಾಢಕ್ಕೂ ಮೈಕಿಗೂ ಏನು ಸಂಬಂಧವೋ, ಅವರಿಗೇ ಗೊತ್ತು.

ನೀನು ಫೋನ್ ಇಟ್ಟ ಮಾರನೆಯ ದಿನವೇ ಅರ್ಧ ದಿನ ರಜೆ ಹಾಕಿ ಲಷ್ಕರ್ ಮೊಹಲ್ಲಾದ ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗಿ ಸ್ಪೀಕರ್ ಹಾಕಿ ಮಾತಾಡಿ ‘ಚೆನ್ನಾಗೇ ಐತಲ್ಲ ಆಂಟಿ’ ಎಂದಳು. ಕಿವಿಗಿಟ್ಟು ಮಾತಾಡಮ್ಮ ಎಂದೆ. ಆಗ ದನಿ ಹೋಗಲಿಲ್ಲ. ಸ್ಪೀಕರಿಗೆ ಮೇಲಿನ ಮೈಕಂತೆ, ಕಿವಿಗಿಟ್ಟಾಗ ಕೆಳಗಿನದಂತೆ. ಸಿಮ್ ಇಡುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ, ಒಳಗೆ ಕೆಂಪಾಗಿದೆ, ನೀರು ಬಿದ್ದಿದೆ, ವಾರಂಟಿ ಸಿಗುವುದಿಲ್ಲ ಎಂದಳು. ಒಳಗೊಂದು ಬಿಳಿ ಚುಕ್ಕಿ ಅಂಟಿಸಿರುತ್ತಾರಂತೆ, ನೀರು ತಾಗಿದರೆ ಅದು ಕೆಂಪಾಗುತ್ತದಂತೆ. ನನಗೆ ನಗು ತಡೆಯಲಾಗಲಿಲ್ಲ. ಕಿವಿಗೆ ಹಾಕುವ ಹತ್ತಿಕಡ್ಡಿ ಇಸಿದುಕೊಂಡು ಒರೆಸಿದೆ, ಕೆಂಪೆಲ್ಲ ಹತ್ತಿಗೆ ಬಂತು. ಅದನ್ನು ಅವಳೆದುರಿಗೇ ಹಣೆಗಿಟ್ಟುಕೊಂಡೆ. ‘ನೋಡವ್ವ, ಇದು ಚಾಮುಂಡಿ ತಾಯಿ ಕುಂಕುಮ. ನೀರಾಗಿದ್ರೆ ಹಣೇಲಿ ನಿಲ್ತಿತ್ತಾ?’ ಎಂದೆ. ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಒಳಗಿನ ಚುಕ್ಕಿ ಬೆಳ್ಳಗೆ ಹಾಗೇ ಇತ್ತು.

ಆದರೂ ಆ ಹುಡುಗಿ ಏನಂದಳು ಗೊತ್ತೇ? ‘ಸಿಸ್ಟಮ್ಮಲ್ಲಿ ನೀರು ಅಂತ ಎಂಟ್ರಿ ಆಗ್ಬುಟ್ಟಿದೆ ಆಂಟಿ, ಸೈನ್ ಹಾಕ್ಬುಡಿ.’ ಗ್ರಾಹಕರ ಅಜಾಗರೂಕತೆಯಿಂದ ನೀರು ತಗುಲಿದೆ ಎಂದು ಅಚ್ಚಾಗಿದ್ದ ಹಾಳೆ ಮುಂದೆ ತಳ್ಳಿದಳು. ಪಾಪ, ಅವಳ ಮೇಲೆ ನನಗೆ ಸಿಟ್ಟಿಲ್ಲ, ಯಾರೋ ಹೇಳಿಕೊಟ್ಟದ್ದನ್ನು ಹೇಳುತ್ತಿದ್ದಳು. ಆದರೆ ಸಹಿ ಹಾಕಲಿಲ್ಲ. ಹದಿನೆಂಟು ವರ್ಷದಿಂದ ಫ್ಯಾಕ್ಟರಿಯಲ್ಲಿ ರಬ್ಬರ್ ವಾಷರ್ ಪರೀಕ್ಷೆ ಮಾಡುತ್ತಿದ್ದೇನೆ. ಬೇಡವಾದ ಪೀಸಿಗೆ ಕೆಂಪು ಚೀಟಿ ಕಟ್ಟಿ ಕಾರಣ ಬರೆದು ಸಹಿ ಹಾಕುವವಳು ನಾನೇ. ಸೂಪರ್‌ವೈಸರ್ ಅವಸರ ಮಾಡಿದರೂ ನನ್ನ ಕಣ್ಣಿಗೆ ಕಾಣದ ದೋಷಕ್ಕೆ ಒಂದು ದಿನವೂ ಸಹಿ ಹಾಕಿಲ್ಲ. ಮನೆಗೆ ಬಂದು ಹೇಳಿದರೆ ನಿಮ್ಮಪ್ಪ ‘ಹೋಗ್ಲಿ ಬುಡು, ಸೈನ್ ಹಾಕಿ ಬಂದ್ಬುಡು, ತಲೆನೋವು’ ಎಂದರು. ಎರಡು ದಿನ ನಾನು ಅವರೊಂದಿಗೆ ಮಾತಾಡಲಿಲ್ಲ.

ಗುರುವಾರ ಮತ್ತೆ ಹೋದೆ, ಮ್ಯಾನೇಜರ್ ಮಹೇಶ್ ಮೀಟಿಂಗಿನಲ್ಲಿದ್ದಾರೆ ಎಂದು ಕಳಿಸಿಬಿಟ್ಟರು. ಮೊನ್ನೆ ಸೋಮವಾರ ಊಟದ ಡಬ್ಬಿ ತೆಗೆದುಕೊಂಡೇ ಹೋಗಿ ಅವರ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ನನ್ನ ಕಣ್ಣೆದುರಿಗೇ ಫೋನ್ ಬಿಚ್ಚಿ ಎಂದೆ. ಮಧ್ಯಾಹ್ನದ ಹೊತ್ತಿಗೆ ಮಹೇಶ್ ಸೋತು ಬಿಚ್ಚಿದರು. ಭೂತಗನ್ನಡಿಯಲ್ಲಿ ನನಗೇ ಮೊದಲು ಕಂಡಿತು. ಮೈಕಿನ ತೂತಿನ ಸುತ್ತ ಕೂರಬೇಕಾದ ಸಾಸಿವೆಯಷ್ಟು ರಬ್ಬರ್ ಜರುಗಿ ತೂತನ್ನೇ ಮುಚ್ಚಿಕೊಂಡು ಕೂತಿತ್ತು. ಜೋಡಿಸುವಾಗಲೇ ತಪ್ಪಿದ್ದಾರೆ. ಮಹೇಶ್ ‘ಬೇರೆ ಫೋನೇ ಕೊಡಿಸ್ತೀನಿ ಬನ್ನಿ ಅಮ್ಮ, ಹತ್ತು ದಿನ ಆಯ್ತದೆ’ ಎಂದರು. ಅಷ್ಟಕ್ಕೆ ನಾನು ಏಳಲಿಲ್ಲ. ನೀರು ಬಿದ್ದಿಲ್ಲ, ತಯಾರಿಕೆಯಲ್ಲೇ ದೋಷ ಎಂದು ಬರೆದುಕೊಡಿ ಎಂದೆ. ಬರೆದು ಸೀಲು ಹಾಕಿಕೊಟ್ಟರು. ಆ ಕಾಗದ ಈಗ ಬೀರುವಿನಲ್ಲಿದೆ.

ಹೋದ ಭಾನುವಾರ ಪಕ್ಕದ ಮನೆ ಚನ್ನಬಸವಯ್ಯನವರ ಫೋನಿಗೆ ನನ್ನ ಸಿಮ್ ಹಾಕಿಕೊಂಡು ಬೆಳಗಿನಿಂದ ಕಾದೆ. ನೀನು ಮಾಡಲಿಲ್ಲ. ನಾನೇ ಶಿಬಿರದ ಆಫೀಸಿಗೆ ಮಾಡಿದರೆ ಗುಮಾಸ್ತರು ‘ಮಕ್ಕಳನ್ನ ಕರೆಯೋ ಹಂಗಿಲ್ಲ, ಏನಿದ್ರೂ ನಂಗೇಳಿ, ತಿಳಿಸ್ತೀನಿ’ ಎಂದರು. ನಿನಗೆ ಹೇಳಬೇಕಾದ್ದನ್ನು ಅವರ ಬಾಯಲ್ಲಿ ಹೇಳಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಕಾಗದ. ಬರುವ ಭಾನುವಾರವೂ ಅದೇ ಸಿಮ್ ಅವರ ಫೋನಿನಲ್ಲೇ ಇರುತ್ತದೆ, ತಪ್ಪದೆ ಮಾಡು.

ಚೆನ್ನಾಗಿ ಉಣ್ಣು. ಚಿಕ್ಕಮ್ಮ ಕೇಳಿದಳು, ಚನ್ನಬಸವಯ್ಯನವರೂ ಕೇಳಿದರು. ಅಪ್ಪ ‘ನಂದೂ ಆಶೀರ್ವಾದ ಬರಿ’ ಎಂದು ಬಾಗಿಲಲ್ಲೇ ನಿಂತಿದ್ದಾರೆ, ಬರೆದಿದ್ದೇನೆ.

ನಿನ್ನ ಅಮ್ಮ,
ಚಾಮುಂಡಮ್ಮ

ಮರೆತ ಮಾತು: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವತ್ತು ನೀನು ಅಳುತ್ತಿದ್ದಾಗ ನಾನು ಕೂಗಿದ್ದು ‘ಬಂದ್ಬುಡು’ ಎಂದೇ. ಅದು ನಿನಗೆ ಕೇಳಿಸದೆ ಹೋದದ್ದೇ ಒಳ್ಳೆಯದಾಯಿತು. ಮಂಜು, ಆ ಫಾರಂಗೆ ಸಹಿ ಹಾಕಬೇಡ. ನಿನಗೇ ಆ ಕೆಲಸ ಬೇಡವಾಗಿದ್ದರೆ ಒಂದು ಮಾತು ಹೇಳು, ನಾನೇ ಬಂದು ಕರೆದುಕೊಂಡು ಬರುತ್ತೇನೆ, ಯಾಕೆ ಎಂದು ಕೇಳುವುದಿಲ್ಲ. ಆ ಮನುಷ್ಯನಿಗೆ ನೀನು ಬೇಡವಾಗಿದ್ದರೆ ಅವನೇ ಕಾರಣ ಬರೆಯಲಿ, ಅವನೇ ಸಹಿ ಹಾಕಲಿ.