ಟೇಪಿನ ಮೇಲಿನ ಸಕ್ಕರೆ ಕಾಳು

ನವೆಂಬರ್ 14, ಗುರುವಾರ. ಊಮಿಯೊ, ಸ್ವೀಡನ್.

ನಾವು ಕಟ್ಟುತ್ತಿರುವ ಮನೆಯಲ್ಲಿ, ಗಾಳಿ ತಡೆಯಲೆಂದು ಉತ್ತರದ ಗೋಡೆಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿದ ಟೇಪು ಇವತ್ತೂ ಕಿತ್ತುಬಂತು. ನಾಳೆ ಗಾಳಿ ಸೋರಿಕೆಯ ಪರೀಕ್ಷೆ. ಸೋತರೆ ಮನೆ ಕೊಂಡಿರುವ, ಎಳೆ ಮಗುವಿನ ಸಂಸಾರ ಕ್ರಿಸ್‌ಮಸ್ಸಿಗೆ ಹೊಸ ಮನೆ ಸೇರುವ ಹಾಗಿಲ್ಲ.

ಜೊತೆ ಕೆಲಸದ ಹಾಲ್ವರ್ ಹೊಸ ಟೇಪಿನ ಡಬ್ಬ ತೋರಿಸಿ, "ನೋಡೇ ಸಿಗ್ನೆ, ಹಳೇ ಟೇಪಿನ ಹಿಡಿತ ಮೂವತ್ತು ನ್ಯೂಟನ್, ಈ ದರಿದ್ರದ್ದು ಬರೀ ಹನ್ನೆರಡು!" ಎಂದ.

"ಕನ್ನಡಕ ಹಾಕ್ಕೊಳ್ಳೋ ಮುದುಕ. ಅದನ್ನ ಇಪ್ಪತ್ತೈದು ಮಿಲಿಮೀಟರ್ ಅಗಲಕ್ಕೆ ಅಳೆದಿದ್ದಾರೆ, ಇದನ್ನ ಹತ್ತಕ್ಕೆ. ಲೆಕ್ಕ ಹಾಕು, ಎರಡೂ ಒಂದೇ," ಎಂದೆ.

ಹಾಗಾದರೆ ಕಿತ್ತುಬರುವುದೇಕೆ? ಚಳಿಯೇ? ಧೂಳೇ? ಬೆಳಿಗ್ಗೆ ಅಂಟಿಸಿದ್ದೆಲ್ಲ ಗಟ್ಟಿಯಾಗಿದೆ. ಮಧ್ಯಾಹ್ನ ಫೀಕಾಕ್ಕೆ, ಅಂದರೆ ಕಾಫಿ-ತಿಂಡಿಯ ಬಿಡುವಿಗೆ ಕೂತು, ಕಾಫಿ ಮುಗಿಸಿ ಬಂದು ಅಂಟಿಸಿದ್ದು ಮಾತ್ರ ಸಡಿಲ. ನಾವು ಕಾಫಿ ಕುಡಿದರೆ ಟೇಪಿಗೇನು ಸಿಟ್ಟು?

ತಡೆಯಲಾರದೆ ಒಂದು ತುಂಡನ್ನು ಮನೆಗೇ ತಂದೆ. ಈಗ ದೀಪಕ್ಕೆ ಹಿಡಿದಿದ್ದೇನೆ. ಅಂಟಿನ ಮೇಲೆ ಹೆಬ್ಬೆರಳಿನ ಜಿಡ್ಡು, ಅದರ ನಡುವೆ ಒಂದು ಬಿಳಿ ಸಕ್ಕರೆ ಕಾಳು. ಫೀಕಾದಲ್ಲಿ ತಿನ್ನುವ ದಾಲ್ಚಿನ್ನಿ ಬನ್ನಿನ ಮೇಲಿನದು! ಬೆಣ್ಣೆ ಕೈಯಲ್ಲೇ ಟೇಪು ಒತ್ತಿದ್ದೇವೆ.

ಬೆಳಿಗ್ಗೆ ಬೇಗ ಹೋಗಿ ಎಲ್ಲ ಒರೆಸಿ ಮತ್ತೆ ಅಂಟಿಸಬೇಕು. ಹಾಲ್ವರನಿಗೆ ಹೇಳುವುದೇ ಕಷ್ಟ. ದಿನಾ ಬನ್ನು ಮಾಡಿ ಒಯ್ಯುವವಳು ನಾನೇ. ನಾಳೆಯವೂ ಈಗ ಓವನ್ನಿನಲ್ಲಿ ಉಬ್ಬುತ್ತಿವೆ, ಎಂಥ ಘಮ…