ಹನ್ನೆರಡನೇ ನಂಬರಿನ ಕಾರು

ಭಾನುವಾರ ಮಧ್ಯಾಹ್ನ
ಲಾಂಡ್ರಿಯ ಹಿಂದಿನ ಕೋಣೆ

ಮುದ್ದು ಫ್ಯೂಸಿಗೆ,

ಅಮ್ಮ ಅಪ್ಪ ಇಬ್ಬರದೂ ಸೇರಿ ಒಂದು ದೊಡ್ಡ ಅಪ್ಪುಗೆ. ಇಲ್ಲಿ ಎಲ್ಲವೂ ಕ್ಷೇಮ, ನನ್ನ ಗಂಟಲೊಂದನ್ನು ಬಿಟ್ಟು. ಶುಕ್ರವಾರ ಸಂಜೆ ಕೂಗಿ ಕೂಗಿ ದನಿ ಹೊರಟೇ ಹೋಗಿದೆ. ಬಾಯಿ ತೆರೆದರೆ ಎಣ್ಣೆ ಕಾಣದ ಬಾಗಿಲಿನ ಹಾಗೆ ಕೇಳಿಸುತ್ತದೆ. ಅದಕ್ಕೇ ನೀನು ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪನೇ ಎತ್ತಿದ್ದು. ಅವರೋ, ಫೋನಿನಲ್ಲಿ ಹೂಂ ಮತ್ತು ಉಹೂಂ ಬಿಟ್ಟು ಮೂರನೇ ಮಾತಾಡಿದವರಲ್ಲ. ಹಾಗಾಗಿ ಕಾಗದವೇ ಗತಿ. ಕಾಗದದಲ್ಲಿ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ, ಹೇಳಬೇಕು ಅನ್ನಿಸಿದರೆ.

ಪರೀಕ್ಷೆ ಪಾಸಾಯಿತು ಅಂತ ನಿನ್ನ ಸುದ್ದಿ ಬಂದಾಗ ನನ್ನ ಕೈಯಲ್ಲಿ ಯಾರದೋ ಮಡಿಸಿದ ಅಂಗಿ ಇತ್ತು. ಅದರಲ್ಲೇ ಮುಖ ಒತ್ತಿ ಅತ್ತುಬಿಟ್ಟೆ. ಪಾಪ, ಆ ಅಂಗಿಯನ್ನು ಮತ್ತೆ ಒಗೆಯಬೇಕಾಯಿತು. ನಿಮ್ಮಪ್ಪ ಹೂಂ ಅಂದರು. ಆದರೆ ಆ ಹೂಂ ಅನ್ನು ಬೆಳಗಿನಿಂದ ನಾಲ್ಕೈದು ಸಲ ಅಂದಿದ್ದಾರೆ, ಕಾರಣವೇ ಇಲ್ಲದೆ, ಇಸ್ತ್ರಿ ಉಜ್ಜುತ್ತಾ ಉಜ್ಜುತ್ತಾ.

ಬಂದ ಗಿರಾಕಿಗಳಿಗೆಲ್ಲ ನಿನ್ನ ಕೆಲಸವನ್ನು ನಾನೇ ವಿವರಿಸುತ್ತಿದ್ದೇನೆ. ತಪ್ಪಿದ್ದರೆ ತಿದ್ದು. ಮುಂಚೆ ಕರೆಂಟು ಎಲ್ಲೋ ದೂರದ ದೊಡ್ಡ ಕೇಂದ್ರದಲ್ಲಿ ಹುಟ್ಟಿ ನಮ್ಮ ಮನೆಗೆ ಬರುತ್ತಿತ್ತು, ನಾವು ಬರೀ ತೆಗೆದುಕೊಳ್ಳುವವರು. ಇನ್ನು ಮುಂದೆ ಎಲ್ಲರ ಮನೆಯ ಮಾಳಿಗೆಯೂ ಬಿಸಿಲು ಹಿಡಿದು ಕೊಡುತ್ತದೆ, ನಿಂತ ಕಾರುಗಳೂ ಕೊಡುತ್ತವೆ. ಸಂಜೆ ಎಲ್ಲರಿಗೂ ಒಟ್ಟಿಗೇ ಬೇಕಾದಾಗ ಕಾರಿನ ಬ್ಯಾಟರಿಯಲ್ಲಿದ್ದದ್ದು ಬೀದಿಗೆ ವಾಪಸ್ಸು. ನಮ್ಮ ಬೀದಿಯಲ್ಲಿ ಅದಕ್ಕೆ ಪರೀಕ್ಷೆ: ಶುಕ್ರವಾರ ಆರರಿಂದ ಒಂಬತ್ತರವರೆಗೆ ಹೊರಗಿನಿಂದ ಬರುವ ಕರೆಂಟನ್ನು ಅರ್ಧಕ್ಕಿಳಿಸುತ್ತಾರೆ, ಉಳಿದರ್ಧ ಕಾರುಗಳ ಪಾಲು. ದೀಪ ಉರಿದರೆ ನನ್ನ ಮಗಳ ಯೋಜನೆ ಊರಿಡೀ ಹಬ್ಬುತ್ತದೆ, ಆರಿದರೆ ಅವಳ ಇಷ್ಟು ವರ್ಷದ ಕೆಲಸ ಮೂಲೆಗೆ. ಅಮ್ಮನ ಬೀದಿ ಅಂತ ಪರೀಕ್ಷೆ ಮುಗಿಯುವವರೆಗೆ ನೀನು ನಮ್ಮ ಯಾರ ಜೊತೆಗೂ ಮಾತಾಡಬಾರದು ಅಂದನಲ್ಲ ನಿನ್ನ ಸಾಹೇಬ, ಅವನ ಮೇಲೆ ಮಾತ್ರ ನನಗೆ ಇನ್ನೂ ಸಿಟ್ಟಿದೆ.

ಈಗ ನಿನ್ನ ಪ್ರಶ್ನೆಗಳಿಗೆ ಬರುತ್ತೇನೆ. ಶುಕ್ರವಾರ ನಮ್ಮ ಬೀದಿ ಎಳೆದ ಕರೆಂಟಿನ ಏರಿಳಿತ ಅಂತ ನೀನು ಕಳಿಸಿದ ಗೆರೆಯ ಚಿತ್ರವನ್ನು ಕೌಂಟರಿನ ಹಿಂದೆ ಅಂಟಿಸಿದ್ದೇನೆ. ನೋಡಿದವರೆಲ್ಲ ಯಾರಿಗೆ ಹೃದಯದ ತೊಂದರೆ ಅಂತ ಕೇಳುತ್ತಾರೆ. ಬೀದಿಯದ್ದು, ಈಗ ಆರಾಮಾಗಿದೆ ಅನ್ನುತ್ತೇನೆ.

ಆರಕ್ಕೆ ಸ್ವಲ್ಪ ಮುಂಚೆ ಆ ಗೆರೆ ಗುಡ್ಡದ ಹಾಗೆ ಏಕೆ ಎದ್ದಿತು ಅಂತ ಕೇಳಿದ್ದೀಯ. ಮಗಳೇ, ಆ ಗುಡ್ಡ ಪೂರ್ತಿ ಒಳ್ಳೆಯತನದ್ದು. ಆರರ ಮೇಲೆ ಕರೆಂಟು ಮುಟ್ಟಿದರೆ ನಿನಗೆ ತೊಂದರೆ ಅಂತ, ಎಲ್ಲರೂ ತಮ್ಮ ತಮ್ಮ ಮನೆಯಲ್ಲೇ ಕೂತು ಒಂದೇ ಜಾಣತನ ಯೋಚಿಸಿದ್ದರು: ಆರರೊಳಗೆ ಎಲ್ಲ ಕೆಲಸ ಮುಗಿಸಿಬಿಡೋಣ! ಬೇಕರಿ ಅಣ್ಣ ನಾಳೆಯ ಬ್ರೆಡ್ಡನ್ನೂ ಒಲೆಗೆ ತಳ್ಳಿದರು. ಹೆಡ್‌ಮಾಸ್ಟರು ಗೀಸರು ಹಾಕಿದರು. ನಾನೇನು ಕಮ್ಮಿ, ಎರಡು ಒಗೆಯುವ ಯಂತ್ರ, ಒಣಗಿಸುವ ಯಂತ್ರ, ಇಸ್ತ್ರಿ, ಎಲ್ಲ ಒಟ್ಟಿಗೆ. ಕಾರುಗಳಿಗೆ ನಿನ್ನ ಯಂತ್ರ ಮೊದಲೇ ಸರದಿ ಹಾಕಿಟ್ಟಿತ್ತು ನಿಜ. ಆದರೆ ತುಂಬುತ್ತದೋ ಇಲ್ಲವೋ ಅಂತ ಹೆದರಿ ಎಲ್ಲರೂ ‘ಈಗಲೇ ತುಂಬು’ ಗುಂಡಿ ಒತ್ತಿದ್ದರು. ಬೀದಿಯ ಹೊರೆ ತೋರಿಸಲು ಕಂಬದ ಮೇಲೆ ನೀವು ಕಟ್ಟಿದ್ದ ದೀಪ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ. ಪರೀಕ್ಷೆ ಶುರುವಾಗುವ ಮೊದಲೇ ಫೇಲಾಗುವ ಲಕ್ಷಣ!

ಆಗ ನನ್ನ ಕಣ್ಣಿಗೆ ಕಟ್ಟಿದ್ದು ಸ್ಟೂಲಿನ ಮೇಲೆ ಕೂತ ಪುಟ್ಟ ನೀನು. ನೆನಪಿದೆಯಾ, ನಮ್ಮ ಹಳೇ ಅಂಗಡಿಯಲ್ಲಿ ಇಸ್ತ್ರಿ ಮತ್ತು ಒಣಗಿಸುವ ಯಂತ್ರ ಜೊತೆಗೆ ಓಡಿದರೆ ಫ್ಯೂಸು ಢಮಾರ್. ಶಾಲೆಯಿಂದ ಬಂದವಳೇ ನೀನು ಫ್ಯೂಸಿನ ಹಲಗೆಯ ಕೆಳಗೆ ಸ್ಟೂಲು ಹಾಕಿಕೊಂಡು, ಹಾಲು ಕುಡಿಯುತ್ತಾ, ಅಪ್ಪಾ ಇಸ್ತ್ರಿ ನಿಲ್ಸು, ಅಮ್ಮಾ ಒಣಗಿಸೋದು ಹಾಕು ಅಂತ ಸರದಿ ಕೂಗುತ್ತಿದ್ದೆ. ಅಪ್ಪಿತಪ್ಪಿ ಫ್ಯೂಸು ಹೋದರೆ ನಿನ್ನ ಮೂತಿ ಊದಿಕೊಳ್ಳುತ್ತಿತ್ತು. ಬೀದಿಯವರು ನಿನಗೆ ಈ ಅಡ್ಡಹೆಸರಿಟ್ಟದ್ದು ಅದಕ್ಕೇ ತಾನೆ.

ಅದೇ ಸ್ಟೂಲನ್ನು ಎತ್ತಿಕೊಂಡು ಹೋಗಿ ಬೀದಿ ಮಧ್ಯೆ ಹಾಕಿ ಹತ್ತಿ ನಿಂತೆ. ಬೇಕರಿ ಅಣ್ಣಾ, ಒಂದೊಲೆ ಸಾಕು, ಇನ್ನೊಂದು ಆರ್ಸಿ ಅಂತ ಕೂಗಿದೆ. ಹೆಡ್‌ಮಾಸ್ಟ್ರೇ, ಸ್ನಾನ ನಾಳೆಗಿಟ್ಕೊಳ್ಳಿ ಅಂತ ಕೂಗಿದೆ. ಆ ಕಡೆ ಸಾಲಿನ ಕಾರುಗಳು ಈಗ, ಈ ಕಡೆಯವು ಆಮೇಲೆ ಅಂತ ಕೂಗಿದೆ. ನಮ್ಮ ಅಂಗಡಿಯದನ್ನು ಕೂಗುವ ಮೊದಲೇ ನಿಮ್ಮಪ್ಪ ಆರಿಸಿದ್ದರು, ಅವರಿಗೆ ಹಳೇ ಅಭ್ಯಾಸ. ಚಿತ್ರದಲ್ಲಿ ಗುಡ್ಡ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆಯಲ್ಲ, ಮೊದಲ ದೊಡ್ಡ ಮೆಟ್ಟಿಲು ಬೇಕರಿಯ ಒಲೆ, ಎರಡನೆಯದು ನಮ್ಮ ಲಾಂಡ್ರಿ. ನಡುವೆ ಒಂದು ಸಣ್ಣ ಹಲ್ಲು ಎದ್ದು ಬಿದ್ದಿದೆ ನೋಡು, ಅದು ಹೆಡ್‌ಮಾಸ್ಟರು ಕದ್ದು ಮತ್ತೆ ಗೀಸರು ಹಾಕಿ ಸಿಕ್ಕಿಬಿದ್ದದ್ದು.

ನಿನ್ನ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವ ಕೆಲಸಕ್ಕೆ ನಾನು ಗಂಟಲು ತೆರಬೇಕಾಯಿತು. ಆರು ಹೊಡೆದ ಮೇಲೆ ಎಲ್ಲರೂ ಬುದ್ಧಿ ಕಲಿತು ಆ ಗುಂಡಿಯ ತಂಟೆಗೆ ಹೋಗಲಿಲ್ಲ, ನಿನ್ನ ಯಂತ್ರವೇ ನೋಡಿಕೊಂಡಿತು. ಎಷ್ಟು ಚೆನ್ನಾಗಿತ್ತು ಗೊತ್ತಾ! ಎಲ್ಲರೂ ಕುರ್ಚಿ ತಂದು ಹೊರಗೇ ಕೂತರು. ಇಷ್ಟು ದಿನ ಕರೆಂಟು ಹೋದಾಗ ಮಾತ್ರ ಬೀದಿಗಿಳಿಯುತ್ತಿದ್ದ ಜನ, ಅವತ್ತು ಹೋಗದಿರಲಿ ಅಂತ ಇಳಿದಿದ್ದರು. ಬೇಕರಿ ಅಣ್ಣ ಬಿಸಿ ಬನ್ನು ಹಂಚಿದರು. ನನಗೆ ಕೊಡುವಾಗ ಮಾತ್ರ ಹಳೇ ಹೂಕುಂಡದ ಮಾತು ತೆಗೆದರು. ನೀನು ನನಗೆ ಕಾರು ಕಲಿಸಲು ಹೋಗಿ, ನಾನು ಅವರ ಹೂಕುಂಡಗಳ ಸಾಲಿಗೇ ನುಗ್ಗಿಸಿದ್ದು, ಅಮ್ಮಾ ನಿಂಗೆ ಸ್ಟೇರಿಂಗು ಆಗಿಬರಲ್ಲ ಬಿಡು ಅಂತ ನೀನು ಕೀ ಕಿತ್ತುಕೊಂಡದ್ದು. ಅದನ್ನೆಲ್ಲ ನಾನು ಅವತ್ತೇ ಮರೆತೆ ಅಂತಿಟ್ಟುಕೋ.

ಎಂಟರ ನಂತರ ಗೆರೆ ಮತ್ತೆ ಕೆಂಪಿನತ್ತ ಹತ್ತಿದ್ದಕ್ಕೂ ಹೆಡ್‌ಮಾಸ್ಟರೇ ಕಾರಣ. ಬನ್ನು ತಿನ್ನುತ್ತಿದ್ದವರು ಇದ್ದಕ್ಕಿದ್ದ ಹಾಗೆ ತಲೆ ಚಚ್ಚಿಕೊಂಡು, ಅಯ್ಯೋ ನಮ್ಮಕ್ಕ ಸ್ಟೇಷನ್ನಲ್ಲಿ ಕಾಯ್ತಿರ್ತಾಳೆ ಅಂತ ಪ್ಲಗ್ಗು ಕಿತ್ತು ಹೊರಟೇಬಿಟ್ಟರು. ನಮ್ಮಲ್ಲಿ ಅವರ ಕಾರಿನದೇ ಎಲ್ಲಕ್ಕಿಂತ ದೊಡ್ಡ ಬ್ಯಾಟರಿ. ಕಂಬದ ದೀಪ ಹಳದಿಯಾಯಿತು. ಒಬ್ಬೊಬ್ಬರೂ ಮನೆಗೆ ಓಡಿ ಆರಿಸಬಹುದಾದ್ದನ್ನೆಲ್ಲ ಆರಿಸಿದರು. ಬೇಕರಿಯಲ್ಲಿ ಮೇಣದಬತ್ತಿ ಹಚ್ಚಿದರು. ಹಲ್ಲಿನ ಡಾಕ್ಟರಮ್ಮ ಮಾತ್ರ ಕಿಟಕಿಯಿಂದ ತಲೆ ಹಾಕಿ, ಅರ್ಧ ಕೊರೆದ ಹಲ್ಲು ಬಿಟ್ಟು ಹೇಗ್ರೀ ಆರಿಸ್ಲಿ ಅಂದರು. ದೀಪ ಕೆಂಪಗೆ ಮಿಣುಕತೊಡಗಿತು. ಅಲ್ಲಿ ನೀನು ಪರದೆಯ ಮುಂದೆ ಉಗುರು ಕಚ್ಚುತ್ತಿರುತ್ತೀಯ ಅನ್ನಿಸಿತು.

ಆಮೇಲೆ ಬಂತು ನಿನ್ನ ಪಟ್ಟಿಯ ಹನ್ನೆರಡನೇ ನಂಬರಿನ ಕಾರು. ಹೆಸರು ತೋರಿಸಬಾರದು ಅಂತ ನಿಯಮ ಇರುವುದರಿಂದ ಯಾರು ಅಂತ ನಿನಗೆ ಗೊತ್ತಾಗಲಿಲ್ಲ, ಪರೀಕ್ಷೆಗೆ ಹೆಸರು ಕೊಟ್ಟಮೇಲೆ ಒಂದು ದಿನವೂ ಪ್ಲಗ್ಗು ಚುಚ್ಚದ ಆಸಾಮಿ ಅಂತ ನೀವೆಲ್ಲ ಕೈಬಿಟ್ಟಿದ್ದಿರಿ, ಸರಿ. ಅಮ್ಮಾ, ಆ ಪುಣ್ಯಾತ್ಮರು ಯಾರು ಹೇಳು, ಬಂದು ಕಾಲಿಗೆ ಬೀಳ್ತೀನಿ ಅಂತ ಬರೆದಿದ್ದೀಯ.

ಏನು ಹೇಳಲಿ? ನಾನು ಆ ಹೊತ್ತಿಗೆ ಕಂಬದ ಕೆಳಗಿರಲಿಲ್ಲ, ಹೊರಗೆ ಸ್ವಲ್ಪ ಕೆಲಸವಿತ್ತು. ನೋಡಿದವರು ಹೇಳಿದ್ದನ್ನು ಬರೆಯುತ್ತೇನೆ. ಬಿಳಿ ಕಾರು, ಯಾರೋ ಓಡಿಸಿ ಮಾರಿದ ಹಳೇದು, ತಿರುವಿನಲ್ಲಿ ಕಾಣಿಸಿತಂತೆ. ನಡೆದುಕೊಂಡು ಹೋಗುವವರ ವೇಗ. ಬೊಗಳುತ್ತಾ ಅಟ್ಟಿಸಿಕೊಂಡು ಬಂದ ನಾಯಿ ಬೇಸತ್ತು ಮುಂದೆ ಹೋಗಿಬಿಟ್ಟಿತಂತೆ. ಮೋಡದ ಸುಳಿವಿಲ್ಲದಿದ್ದರೂ ಗಾಜಿನ ಮೇಲೆ ವೈಪರು ಆಡುತ್ತಿತ್ತಂತೆ. ಅದುವರೆಗೆ ಅವರು ಒಬ್ಬರೇ ಗಾಡಿ ಓಡಿಸಿದ್ದೇ ಇಲ್ಲವಂತೆ, ಪಕ್ಕದಲ್ಲಿ ಡ್ರೈವಿಂಗು ಕಲಿಸುವ ಮೇಷ್ಟ್ರು ಇರಲೇಬೇಕಂತೆ. ಧೈರ್ಯ ಸಾಲದೆ ಕಾರನ್ನು ಆ ಮೇಷ್ಟ್ರ ಅಂಗಳದಲ್ಲೇ ಬಿಟ್ಟು, ಅಲ್ಲೇ ಚಾರ್ಜು ತುಂಬಿಸುತ್ತಿದ್ದರಂತೆ. ಅವತ್ತು ಮೇಷ್ಟ್ರೂ ಊರಲ್ಲಿರಲಿಲ್ಲ. ಮಗಳೇ, ಆ ಕೆಂಪು ದೀಪ ನೋಡಿದ ಮೇಲೆ ಧೈರ್ಯ ಇದೆಯೋ ಇಲ್ಲವೋ ಅಂತ ನೋಡಿಕೊಳ್ಳಲು ಅವರಿಗೆ ಪುರಸೊತ್ತೇ ಆಗಲಿಲ್ಲವಂತೆ. ಪ್ಲಗ್ಗು ಚುಚ್ಚಿದ ಕೂಡಲೇ ಕಂಬದ ದೀಪ ಹಸಿರಾಗಿ, ಇಡೀ ಬೀದಿ ಕುಣಿಯಿತು. ಅವರು ಕಾರಿಗೆ ಒರಗಿ ನಿಂತು ಅತ್ತರಂತೆ, ನಕ್ಕರಂತೆ, ಯಾವುದು ಮೊದಲು ಅಂತ ಅವರಿಗೇ ನೆನಪಿಲ್ಲ. ನಿಮ್ಮಪ್ಪನೂ ಆಗಲೇ ಎಲ್ಲಿಂದಲೋ ಬಂದರು, ಕೈಯಲ್ಲಿ ಅಂಗಡಿಯ ಬಿಳಿ ದಿಂಬಿನ ಕವರು. ಅದೇಕೆ ಅಂತ ಕೇಳಬೇಡ.

ಅವತ್ತಿನಿಂದ ನನಗೊಂದು ಹೊಸ ಚಟ ಹತ್ತಿದೆ. ಮನೆಯಲ್ಲಿ ದೀಪ ಹಾಕಿದಾಗಲೆಲ್ಲ, ಇದು ಯಾರ ಕಾರಿನದೋ, ಯಾರ ಮಾಳಿಗೆಯದೋ ಅನ್ನಿಸುತ್ತದೆ. ಮೊದಲು ಹಾಗೆ ಅನ್ನಿಸಿದ್ದೇ ಇಲ್ಲ. ಅದು ನೀನು ಮಾಡಿದ ಕೆಲಸ. ನಿನ್ನನ್ನು ನೋಡಿದರೆ ನನಗೆ ಹೆಮ್ಮೆ, ಇದನ್ನು ಫೋನಿನಲ್ಲಿ ಹೇಳಲು ನನಗೆ ನಾಚಿಕೆ. ಕಾಗದ ಬರೆಯಲು ಇನ್ನೊಂದು ಕಾರಣ ಅಂದೆನಲ್ಲ, ಅದರಲ್ಲಿ ಅರ್ಧ ಇದೇ. ಇನ್ನರ್ಧ, ಫೋನಿನಲ್ಲಿ ನಾನು ಏನು ಮುಚ್ಚಿಟ್ಟರೂ ನೀನು ದನಿಯಲ್ಲೇ ಹಿಡಿಯುತ್ತೀಯ.

ಶನಿವಾರ ಬರುತ್ತೀಯಲ್ಲ? ಹೊಟ್ಟೆ ಖಾಲಿ ಇಟ್ಟುಕೊಂಡು ಬಾ, ಒಗೆಯುವ ಬಟ್ಟೆ ಎಲ್ಲ ತುಂಬಿಕೊಂಡು ಬಾ.

ದನಿ ಇಲ್ಲದಿದ್ದರೂ ಸುಮ್ಮನಿರಲಾಗದ
ನಿನ್ನ ಅಮ್ಮ

ತಾಜಾ ಕಲಮು: ಲಾಂಡ್ರಿಯ ಹಿಂದಿನ ಗೋಡೆಯಲ್ಲಿ ಬೆಡ್‌ಶೀಟು ಮುಚ್ಚಿದ ಪೆಟ್ಟಿಗೆ ಏನು ಅಂತ ಹೋದ ಸಲ ನೀನು ಕೇಳಿದ್ದೆಯಲ್ಲ, ನಾನು ನೀರಿನ ಪಂಪಿನದು ಅಂದಿದ್ದೆ. ಅದು ಪಂಪಿನದಲ್ಲ, ಕಾರಿನ ಪ್ಲಗ್ಗಿನದು. ಹನ್ನೆರಡನೇ ನಂಬರಿನವರ ಕಾಲಿಗೆ ಬೀಳುವುದೇನೂ ಬೇಡ, ಆ ಕಾಲು ಸದ್ಯಕ್ಕೆ ಬ್ರೇಕಿನ ಮೇಲಿರುವುದೇ ಎಲ್ಲರಿಗೂ ಕ್ಷೇಮ. ಶನಿವಾರ ಸ್ಟೇಷನ್ನಿನಲ್ಲಿ ಟ್ಯಾಕ್ಸಿ ಹಿಡಿಯಬೇಡ, ಹೊರಗಿನ ತಿರುವಿನಲ್ಲಿ ಹೂಕುಂಡಗಳಿಂದ ದೂರ ನಿಂತಿರು. ಬಿಳಿ ಕಾರು ತಡವಾಗಿ ಬರುತ್ತದೆ, ಬೈಯಬೇಡ. ಅದರ ಮುಂದೆ ದಿಂಬಿನ ಕವರು ಬೀಸಿ ದಾರಿ ಬಿಡಿಸುತ್ತಾ ನಡೆದು ಬರುವವರು ನಿಮ್ಮಪ್ಪ.